ಮೈಯಳತೆಯ ದೋಣಿ

ಇಷ್ಟೆಲ್ಲ ಅವಾಂತರಕ್ಕೆ ಕಾರಣ ಒಂದೇ ಒಂದು ಉಸಿರು. ಏಳು ತಿಂಗಳ ಹಿಂದೆ ಹೆಂಡತಿ ಸೊಂಟದ ಸುತ್ತ ಟೇಪು ಹಿಡಿದಾಗ ಗುಮಾಸ್ತ ಅದನ್ನು ಒಳಗೆ ಎಳೆದುಕೊಂಡಿದ್ದ. ಟೇಪು ಕಂಡ ಕೂಡಲೇ ಹೊಟ್ಟೆ ಒಳಗೆ ಹೋಗುವುದು ಗಂಡಸರ ಹುಟ್ಟುಗುಣ, ಅದಕ್ಕೆ ಅವನನ್ನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಹೆಂಡತಿ ಹೊಲಿಗೆಯವಳು, ಅರ್ಧ ಬೀದಿಯ ಬಟ್ಟೆ ಅವಳ ಮೆಷಿನ್ನಿನ ಕೆಳಗೇ ಹಾದುಹೋಗಬೇಕು. ಟೇಪು ಹೇಳಿದ್ದನ್ನು ಬರೆದುಕೊಳ್ಳಬೇಕು, ಕಣ್ಣು ಹೇಳಿದ್ದನ್ನಲ್ಲ ಎನ್ನುವುದು ಅವಳ ನಿಯಮ. ಹಾಗೇ ಬರೆದುಕೊಂಡಳು.

ಅಳತೆ ಬೇಕಾಗಿದ್ದು ಪ್ಯಾಂಟಿಗಲ್ಲ, ದೋಣಿಗೆ. ಕಯಾಕ್ ಅನ್ನುತ್ತಾರಲ್ಲ, ಒಬ್ಬನೇ ಕಾಲು ಚಾಚಿ ಕೂತು ಹುಟ್ಟು ಹಾಕುವ ಸಣಕಲು ದೋಣಿ, ಅದು. ಹಲಗೆಯದಲ್ಲ. ಬೆರಳು ದಪ್ಪದ ಮರದ ಪಟ್ಟಿಗಳನ್ನು ಪಕ್ಕೆಲುಬಿನ ಹಾಗೆ ಜೋಡಿಸಿ, ಒಂದು ಮೊಳೆಯನ್ನೂ ಹೊಡೆಯದೆ ದಾರದಲ್ಲೇ ಬಿಗಿದು, ಮೇಲೆ ನೈಲಾನ್ ಬಟ್ಟೆ ಹೊದಿಸಿ ಹೊಲಿದು, ವಾರ್ನಿಷ್ ಬಳಿದರೆ ಮುಗಿಯಿತು. ಹದಿನೇಳು ಅಡಿ ಉದ್ದ, ಹದಿಮೂರೇ ಕಿಲೋ ತೂಕ. ಇಂಥ ದೋಣಿಗೆ ಕಟ್ಟುವವನ ಮೈಯೇ ಅಳತೆಗೋಲು ಎಂದು ಅವನು ತರಿಸಿಕೊಂಡ ಪುಸ್ತಕದಲ್ಲಿತ್ತು. ಕೂರುವ ತೂತಿಗೆ ಸೊಂಟದ ಅಳತೆ, ಅದರ ಮೇಲೆ ಎರಡು ಮುಷ್ಟಿ ಸಡಿಲ. ಆ ಎರಡು ಮುಷ್ಟಿಯನ್ನೂ ಹೆಂಡತಿ ತನ್ನ ಕೈಯಿಂದಲೇ ಅಳೆದಳು. ಅವಳ ಮುಷ್ಟಿ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ.

ಆ ತೂತಿನ ಸುತ್ತ ಒಂದು ಮರದ ಬಳೆ ಬರುತ್ತದೆ. ಪಟ್ಟಿಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಆರುವುದರೊಳಗೆ ಬಗ್ಗಿಸಬೇಕು. ಮೊದಲನೆಯದು ಮುರಿಯಿತು. ಎರಡನೆಯದು ಮುರಿದು ಗಡಿಯಾರದ ಗಾಜನ್ನೂ ಒಡೆಯಿತು. ಮೂರನೆಯದು ಒಂದು ಸಂಜೆ ಹೇಗೋ ಏನೋ ಮೊಟ್ಟೆಯಾಕಾರಕ್ಕೆ ಬಗ್ಗಿ ಸುಮ್ಮನೆ ಕೂತಾಗ ಗುಮಾಸ್ತನಿಗೆ ಕಣ್ಣಲ್ಲಿ ನೀರು ಬಂದಿತ್ತು. ಇಪ್ಪತ್ತೆರಡು ವರ್ಷ ಕಡತಗಳ ಮೇಲೆ ಠಸ್ಸೆ ಒತ್ತಿದ ಕೈ ಅದು. ಆ ಕೈ ಏನನ್ನಾದರೂ ಮಾಡಿದ್ದು ಅದೇ ಮೊದಲು.

ವಾರ್ನಿಷ್ ಒಣಗಿದ ದಿನವೇ ಕಚೇರಿಯಲ್ಲಿ ವರ್ಗಾವಣೆಯ ದಿನವೂ ಬಂತು. ಪಟ್ಟಿಯಲ್ಲಿದ್ದವರೆಲ್ಲ ಮಧ್ಯಾಹ್ನ ಒಂದು ಗಂಟೆಯೊಳಗೆ ಹೊಸ ಸಾಹೇಬರ ಮುಂದೆ ಖುದ್ದು ಹಾಜರಾಗಿ, ತಾವು ಇಲ್ಲೇ ಉಳಿಯಬೇಕು ಅಂತ ಕೇಳಿಕೊಳ್ಳಬೇಕು. ಬಾರದವನನ್ನು ಕಲ್ಲುಗಣಿಯ ಶಾಖೆಗೆ ಕಳಿಸುವುದು ಅಂತ ಮೊದಲೇ ತೀರ್ಮಾನವಾಗಿತ್ತು. ರೈಲಿನಲ್ಲಿ ಒಂಬತ್ತು ತಾಸು ದೂರ. ಅಲ್ಲಿ ಕೆರೆಯ ಮಾತು ಹಾಗಿರಲಿ, ಮುಖ ತೊಳೆಯುವ ನೀರೂ ಲಾರಿಯಲ್ಲಿ ಬರುತ್ತದೆ. ಇಲ್ಲಿಯಾದರೆ ಕಚೇರಿಯ ಬೆನ್ನಿಗೇ ದೊಡ್ಡ ಕೆರೆ, ಇವನ ಮೇಜಿನ ಪಕ್ಕದ ಕಿಟಕಿಯಿಂದ ದಿನವೂ ಕಾಣುವಂಥದ್ದು. ಭಾನುವಾರ ದೋಣಿ ಇಳಿಸುವುದು ಅಂತ ಗೊತ್ತುಮಾಡಿಯಾಗಿತ್ತು. ಗುಮಾಸ್ತನಿಗೆ ಈ ಊರು ಬೇಕಾಗಿದ್ದದ್ದು ಆ ಕೆರೆಗಾಗಿ, ಕೆರೆ ಬೇಕಾಗಿದ್ದದ್ದು ಈ ದೋಣಿಗಾಗಿ.

ವರ್ಗಾವಣೆಯ ದಿನ ಬೆಳಗ್ಗೆ ಏಳಕ್ಕೆ ಎದ್ದವನಿಗೆ ಒಂದು ಸಲ ಕೂತು ನೋಡುವ ಆಸೆಯಾಯಿತು. ದೋಣಿ ನಡುಮನೆಯಲ್ಲಿ ಮೂತಿಯನ್ನು ಅಡುಗೆಮನೆಗೆ ತೂರಿಸಿಕೊಂಡು ಮಲಗಿತ್ತು. ಕಾಲು ಒಳಗೆ ಬಿಟ್ಟು, ಉಸಿರು ಎಳೆದು, ಸರ್ರನೆ ಜಾರಿ ಕೂತ. ಕೈಗವಸಿನ ಹಾಗೆ ಕೂತಿತು. ಆ ಸುಖಕ್ಕೆ ಅವನು ಏಳಲೇ ಇಲ್ಲ. ತಿಂಡಿ ಆಯ್ತು ಬನ್ನಿ ಅಂತ ಹೆಂಡತಿ ಕರೆದರೆ, ಇಲ್ಲಿಗೇ ಕೊಟ್ಟುಬಿಡು ಅಂದ. ಕೊಟ್ಟಳು. ಕಾಲ್ಪನಿಕ ಅಲೆಗಳ ಮೇಲೆ ತೇಲುತ್ತ ಒಂದು ತಟ್ಟೆ ತಿಂದ, ಇನ್ನೊಂದು ತಟ್ಟೆ ತಿಂದ, ಉಳಿದರೆ ಹಾಳಾಗುತ್ತದೆ ಅಂತ ಅವಳು ತಂದ ಮೂರನೆಯದನ್ನೂ ತಿಂದ. ಮೇಲೆ ದೊಡ್ಡ ಲೋಟದಲ್ಲಿ ಕಾಫಿ. ಎಂಟೂವರೆಗೆ ಸ್ನಾನಕ್ಕೆ ಅಂತ ಏಳಲು ಹೋದ. ಏಳಲಾಗಲಿಲ್ಲ.

ಮೊದಲು ಹೆಂಡತಿ ತಮಾಷೆ ಅಂದುಕೊಂಡಳು. ಆಮೇಲೆ ಕಂಕುಳಿಗೆ ಕೈಹಾಕಿ ಎಳೆದಳು. ಹಗುರ ದೋಣಿಯ ಕಷ್ಟ ಆಗ ಇಬ್ಬರಿಗೂ ಗೊತ್ತಾಯಿತು: ಅವನನ್ನು ಎತ್ತಿದರೆ ದೋಣಿಯೂ ಜೊತೆಗೇ ಎದ್ದು ಬರುತ್ತದೆ. ಅದನ್ನು ಒತ್ತಿ ಹಿಡಿಯೋಣವೆಂದರೆ ಬಟ್ಟೆಯ ಮೇಲೆ ಕಾಲಿಡುವ ಹಾಗಿಲ್ಲ. ಅವಳು ಬಾಗಿಲಿಗೆ ಹೋಗಿ ಪಕ್ಕದ ಮನೆಯ ಮೇಷ್ಟ್ರನ್ನು ಕೂಗಿದಳು, ಅಲ್ಲಿಗೆ ಕೆಲಸ ಕೆಟ್ಟಿತು.

ಮೇಷ್ಟ್ರು ನಿವೃತ್ತರಾಗಿ ಆರು ವರ್ಷವಾಗಿತ್ತು, ಆರು ವರ್ಷದಿಂದ ಯಾರಿಗಾದರೂ ಏನಾದರೂ ಆಗಲಿ ಅಂತ ಕಾಯುತ್ತಿದ್ದರು. ಅವರು ಬರುವಾಗ ಮಹಡಿ ಮನೆಯ ಕಾಂಪೌಂಡರನ್ನೂ ಮೂಲೆಯ ಇಸ್ತ್ರಿ ಅಂಗಡಿಯವನನ್ನೂ ಕರೆದುಕೊಂಡೇ ಬಂದರು. ಅಷ್ಟರಲ್ಲಿ ಫೋನು ಹೋಗಿ ಹೆಂಡತಿಯ ತಮ್ಮ, ಅಂದರೆ ಗುಮಾಸ್ತನ ಭಾವಮೈದನೂ ಸೈಕಲ್ಲಿನಲ್ಲಿ ಬಂದಿಳಿದ. ನಾಲ್ವರೂ ದೋಣಿಯನ್ನು ಸುತ್ತು ಹಾಕಿದರು. ಇದು ಏನು ಅಂತ ಇಸ್ತ್ರಿಯವನು ಕೇಳಿದ. ಮೇಷ್ಟ್ರು ವಿವರಿಸಿದರು, ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕಾಂಪೌಂಡರು ಮಾತ್ರ ಗುಮಾಸ್ತನ ನಾಡಿ ಹಿಡಿದು ನೋಡಿ, ಸೊಂಟದಿಂದ ಮೇಲೆ ಏನೂ ತೊಂದರೆ ಇಲ್ಲ, ಕೆಳಗಿನದು ಕಾಣಿಸುತ್ತಿಲ್ಲ ಅಂದರು.

ಎಣ್ಣೆ ಹಾಕಿ ಅಂದರು ಮೇಷ್ಟ್ರು. ಬೇಡ, ಪೌಡರ್ ಹಾಕಿ, ಎಣ್ಣೆಗೆ ಮರ ಉಬ್ಬುತ್ತದೆ ಅಂದರು ಕಾಂಪೌಂಡರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಒಬ್ಬರು ಎಡಗಡೆ ಎಣ್ಣೆ ಸುರಿದರು, ಇನ್ನೊಬ್ಬರು ಬಲಗಡೆ ಪೌಡರ್ ಉದುರಿಸಿದರು. ಎರಡೂ ಹಿಂದುಗಡೆ ಕೂಡಿ ಅಂಟಾಯಿತು. ಇಸ್ತ್ರಿಯವನು ತನ್ನ ಅನುಭವದಿಂದ ಹೇಳುವುದಾದರೆ ನೈಲಾನಿಗೆ ಬಿಸಿ ತಗುಲಿದರೆ ಕುಗ್ಗುತ್ತದೆ, ಆದ್ದರಿಂದ ಬಿಸಿ ಮಾಡಬೇಡಿ ಅಂದ. ಆ ಬೆಳಗ್ಗೆ ಯಾರಾದರೂ ಆಡಿದ ಉಪಯೋಗದ ಮಾತು ಅದೊಂದೇ. ಭಾವಮೈದ ಸೀದಾ ಹೋಗಿ ಗರಗಸ ತಂದ.

ಗುಮಾಸ್ತ ಎರಡೂ ಕೈಯಲ್ಲಿ ಬಳೆಯನ್ನು ತಬ್ಬಿಕೊಂಡ.

"ಒಂದೇ ಒಂದು ಕೊಯ್ತ ಭಾವ. ಎರಡು ನಿಮಿಷದ ಕೆಲಸ," ಅಂದ ಭಾವಮೈದ.

"ಮೊದಲು ನನ್ನ ಕೊಯ್ಯಿ," ಅಂದ ಗುಮಾಸ್ತ.

ಹೆಂಡತಿ ಗಡಿಯಾರ ನೋಡಿದಳು. ಹನ್ನೊಂದೂವರೆ ಆಗಿತ್ತು. ಅವಳು ಅವನ ಮುಂದೆ ನೆಲದ ಮೇಲೇ ಕೂತು, ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು: "ನೋಡ್ರೀ, ಒಂದು ಗಂಟೆಯೊಳಗೆ ನೀವು ಅಲ್ಲಿರಬೇಕು. ದೋಣಿ ಬೇಕೋ, ಊರು ಬೇಕೋ, ಒಂದು ಹೇಳಿ."

ಗುಮಾಸ್ತನ ತಲೆ ಗಿರ್ರೆಂದಿತು. ಬಳೆ ಕೊಯ್ದರೆ ಈ ಊರಲ್ಲಿ ಉಳಿದು ಮಾಡುವುದೇನು? ಕೊಯ್ಯದಿದ್ದರೆ ಈ ಊರಲ್ಲಿ ಉಳಿಯುವುದು ಹೇಗೆ? ಗಣಿಯೂರಿನಲ್ಲಿ ಈ ದೋಣಿಯನ್ನು ಏನು ಮಾಡುವುದು, ಬಟ್ಟೆ ಒಣಹಾಕುವುದೇ? ಒಂದನ್ನು ಹಿಡಿದರೆ ಇನ್ನೊಂದು ಬಿಟ್ಟುಹೋಗುತ್ತಿತ್ತು. ನನಗೆ ಏನೂ ಗೊತ್ತಾಗುತ್ತಿಲ್ಲ ಕಣೇ, ಅಂದ. ಅವನ ದನಿ ಕೇಳಿ ಅವಳೂ ಬಳೆಯ ಮೇಲೆ ಒಂದು ಕೈ ಇಟ್ಟಳು. ಏಳು ತಿಂಗಳು ಆ ಬಟ್ಟೆಯ ಒಂದೊಂದು ಹೊಲಿಗೆಯನ್ನೂ ಹಾಕಿದವಳು ಅವಳೇ ಅಲ್ಲವೇ.

ಆಗ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಆದೇಶದಲ್ಲಿ ಏನಿದೆ ಅಂತ ಕೇಳಿದರು. ಖುದ್ದು ಹಾಜರಾಗಬೇಕು ಅಂತಿದೆ ಅಂದ ಗುಮಾಸ್ತ. ನಡೆದುಕೊಂಡು ಬರಬೇಕು ಅಂತಿದೆಯೇ? ಇಲ್ಲ. "ಹಾಗಾದರೆ ಹೊತ್ತುಕೊಂಡು ಹೋಗೋಣ," ಅಂದರು ಮೇಷ್ಟ್ರು. ಭಾವಮೈದ ಗರಗಸ ಕೆಳಗಿಟ್ಟ.

ಈ ದೋಣಿ ಬಾಗಿಲಿನಿಂದ ಆಚೆ ಹೋಗುವುದಿಲ್ಲ ಅಂತ ಏಳು ತಿಂಗಳಿಂದ ಬೀದಿಯವರೆಲ್ಲ ಹೇಳುತ್ತಿದ್ದರು. ಅದೊಂದನ್ನು ಗುಮಾಸ್ತ ಸರಿಯಾಗಿ ಅಳೆದಿದ್ದ. ಸಲೀಸಾಗಿ ಹೋಯಿತು. ಮುಂದುಗಡೆ ಭಾವಮೈದ ಮತ್ತು ಇಸ್ತ್ರಿಯವನು, ಹಿಂದುಗಡೆ ಕಾಂಪೌಂಡರು ಮತ್ತು ಹೆಂಡತಿ ಹೆಗಲು ಕೊಟ್ಟರು. ಮೇಷ್ಟ್ರು ಹೊರಲಿಲ್ಲ, ಮುಂದೆ ಮುಂದೆ ನಡೆಯುತ್ತ ದಾರಿ ಬಿಡಿಸಿದರು. ದೋಣಿ ಹದಿಮೂರು ಕಿಲೋ, ಸರಿ, ಆದರೆ ಒಳಗಿದ್ದವನು ಎಂಬತ್ತೆರಡು. ಅರ್ಧ ಮೈಲಿ ದಾರಿಯಲ್ಲಿ ಐದು ಸಲ ಇಳಿಸಿ ಉಸಿರು ತಗೊಂಡರು.

ದೂರದಿಂದ ನೋಡಿದವರಿಗೆ ಅದು ದೋಣಿಯ ಹಾಗೆ ಕಾಣಲಿಲ್ಲ. ನಾಲ್ಕು ಜನ ಹೆಗಲ ಮೇಲೆ ಉದ್ದನೆಯದೇನನ್ನೋ ಹೊತ್ತು ಮೌನವಾಗಿ ನಡೆಯುತ್ತಿದ್ದರೆ ಜನ ಏನಂದುಕೊಳ್ಳುತ್ತಾರೆ? ಬಸ್ಸು ನಿಂತಿತು. ಅಂಗಡಿಯವರು ಎದ್ದು ನಿಂತರು. ವಯಸ್ಸಾದವರೊಬ್ಬರು ಕನ್ನಡಕ ತೆಗೆದು, ಯಾರು ಹೋಗಿದ್ದು ಅಂತ ಮೇಷ್ಟ್ರನ್ನು ಮೆಲ್ಲಗೆ ಕೇಳಿದರು. ಮೇಲಿನಿಂದ ಗುಮಾಸ್ತ, "ನಾನೇ, ಕಚೇರಿಗೆ ಹೋಗ್ತಿದ್ದೀನಿ," ಅಂದ. ಅವರು ಎರಡು ಹೆಜ್ಜೆ ಹಿಂದೆ ಸರಿದು ಕನ್ನಡಕ ಹಾಕಿಕೊಂಡರು, ಮತ್ತೆ ತೆಗೆದರು.

ಕಚೇರಿಯ ಗೇಟಿಗೆ ಬಂದಾಗ ಇನ್ನೂ ಹತ್ತು ನಿಮಿಷವಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಗೇಟಿನ ಜವಾನ ತಡೆದು ನಿಲ್ಲಿಸಿದ. ಅವನ ಹತ್ತಿರ ಎರಡು ಪುಸ್ತಕಗಳಿದ್ದವು, ಒಂದು ಒಳಗೆ ಬರುವ ಜನರದ್ದು, ಇನ್ನೊಂದು ವಾಹನಗಳದ್ದು. ವಾಹನವಾದರೆ ಶೆಡ್ಡಿನಲ್ಲಿ ನಿಲ್ಲಿಸಬೇಕು, ಜನವಾದರೆ ಒಳಗೆ ಹೋಗಬಹುದು. ಗುಮಾಸ್ತನನ್ನು ಹದಿನೈದು ವರ್ಷದಿಂದ ಬಲ್ಲವನೇ ಆದರೂ, ಸಾರ್, ಇವತ್ತು ನೀವು ಯಾವುದು ಅಂತ ಕೇಳಿದ. ಮೇಷ್ಟ್ರು ಎರಡಕ್ಕೂ ಉದಾಹರಣೆ ಕೊಟ್ಟು ವಾದ ಮಾಡಿದರು, ಅದರಿಂದ ಇನ್ನೂ ನಾಲ್ಕು ನಿಮಿಷ ಹೋಯಿತು. ಕೊನೆಗೆ ಜವಾನ ಎರಡೂ ಪುಸ್ತಕದಲ್ಲಿ ಅರ್ಧರ್ಧ ಬರೆದುಕೊಂಡು ಬಿಟ್ಟ.

ಸಾಹೇಬರ ಕೋಣೆಗೆ ನುಗ್ಗಿದಾಗ ಒಂದು ಗಂಟೆ ಎರಡು ನಿಮಿಷ. ಹೊಸ ಸಾಹೇಬರು ತೆಳ್ಳಗಿನವರು, ಮೇಜಿನ ಮೇಲೆ ನಿಯಮಾವಳಿಯ ದಪ್ಪ ಪುಸ್ತಕ ಒಂದು ಬಿಟ್ಟರೆ ಬೇರೆ ಏನೂ ಇಟ್ಟುಕೊಳ್ಳದವರು. ಅವರು ಆಗಷ್ಟೇ ಪೆನ್ನಿನ ಮುಚ್ಚಳ ಹಾಕಿದ್ದರು. ತಲೆಯೆತ್ತದೆ, ನಿಮ್ಮ ಹೆಸರಿನ ಮುಂದೆ ಕಲ್ಲುಗಣಿ ಅಂತ ಬರೆದಾಯಿತು, ಸೋಮವಾರ ಹೊರಡಿ ಅಂದರು. ಗುಮಾಸ್ತ ನೆಲದ ಮಟ್ಟದಿಂದಲೇ, ಸಾರ್, ಒಂದು ಅರಿಕೆ ಅಂದ. ಹೆಂಡತಿ ಹೆಗಲು ತಿಕ್ಕಿಕೊಳ್ಳುತ್ತ ಗೋಡೆಗೊರಗಿ ನಿಂತುಬಿಟ್ಟಳು.

"ಅರ್ಜಿ ಏನಾದರೂ ಇದ್ದರೆ ಎದ್ದು ನಿಂತು ಮಾತಾಡಿ. ಮೇಲಧಿಕಾರಿಯ ಮುಂದೆ ಕೂತು ಮಾತಾಡೋ ಪದ್ಧತಿ ಇಲ್ಲ," ಅಂದರು ಸಾಹೇಬರು.

"ಏಳೋಕೆ ಆಗಲ್ಲ ಸಾರ್."

ಸಾಹೇಬರು ಆಗ ತಲೆಯೆತ್ತಿದರು. ಮೊದಲು ಗುಮಾಸ್ತನನ್ನು ನೋಡಿದರು. ಆಮೇಲೆ ದೋಣಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು, ಆ ಇನ್ನೊಂದು ತುದಿ ಬಾಗಿಲಾಚೆಯ ಪಡಸಾಲೆಯಲ್ಲಿತ್ತು. ಆಗಲ್ಲ ಅಂದರೆ ಏನರ್ಥ ಅಂತ ಕೇಳಿದರು. ಭಾವಮೈದ ಮತ್ತು ಇಸ್ತ್ರಿಯವನು ಎತ್ತಿ ತೋರಿಸಿದರು. ಗುಮಾಸ್ತ ದೋಣಿ ಸಮೇತ ಮೇಲೆ ಬಂದು, ದೋಣಿ ಸಮೇತ ಕೆಳಗೆ ಹೋದ. ಸಾಹೇಬರು ಕುರ್ಚಿ ಬಿಟ್ಟು ಬಂದು ತಾವೇ ಒಂದು ಸಲ ಎಳೆದರು. ಕೈಗೆ ಅಂಟಾಯಿತು. ಕರವಸ್ತ್ರದಿಂದ ಒರೆಸಿಕೊಂಡು ಹೋಗಿ ದಪ್ಪ ಪುಸ್ತಕ ತೆಗೆದರು.

ಪುಟದ ಮೇಲೆ ಪುಟ ತಿರುವಿದರು. ಒಂದು ಕಡೆ ಅವರ ಬೆರಳು ನಿಂತಿತು. ಇನ್ನೊಬ್ಬರ ನೆರವಿಲ್ಲದೆ ಆಸನದಿಂದ ಏಳಲಾಗದ ನೌಕರನನ್ನು ಈಗಿರುವಲ್ಲಿಯೇ ಮುಂದುವರಿಸತಕ್ಕದ್ದು ಅಂತ ಓದಿದರು. ಎರಡು ಸಲ ಓದಿದರು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು, ಹೆಂಡತಿ ಅವರ ಕಾಲು ತುಳಿದಳು.

"ಯಾವ ಕಾರಣಕ್ಕೆ ಏಳಲಾಗದವನು ಅಂತ ಇದರಲ್ಲಿ ಬರೆದಿಲ್ಲ," ಅಂದರು ಸಾಹೇಬರು, ತಮಗೇ ಹೇಳಿಕೊಳ್ಳುವ ಹಾಗೆ. "ಬರೆಯದೇ ಇರೋದನ್ನ ನಾನು ಕೇಳೋ ಹಾಗಿಲ್ಲ."

ಕಲ್ಲುಗಣಿಯನ್ನು ಹೊಡೆದುಹಾಕಿದರು. ಅರ್ಧ ಗಂಟೆಯಲ್ಲಿ ಹೊಸ ಆದೇಶ ಟೈಪಾಗಿ, ಸಹಿಯಾಗಿ, ಠಸ್ಸೆ ಬಿದ್ದು ಬಂತು. ಸಂಜೆ ಇವರು ಮನೆಗೆ ಹೋಗುವುದು ಹೇಗೆ ಅಂತ ಕಾಂಪೌಂಡರು ಸಂಕೋಚದಿಂದ ಕೇಳಿದಾಗ ಸಾಹೇಬರು, ಹತ್ತರಿಂದ ಐದರವರೆಗೆ ಮಾತ್ರ ಇವರು ನಮಗೆ ಸೇರಿದವರು, ಆಮೇಲೆ ಎಳೆದು ತೆಗೆಯುವುದೋ ಬಿಡುವುದೋ ಮನೆಯವರಿಗೆ ಬಿಟ್ಟ ವಿಷಯ ಅಂದರು. ಈಗ ಕೆಲಸದ ವೇಳೆ, ಕೆಲಸ ಮಾಡಲಿ. ಹಾಗಾಗಿ ನಾಲ್ವರೂ ದೋಣಿಯನ್ನು ಹೊತ್ತು ತಂದು ಅವನ ಮೇಜಿನ ಹಿಂದೆ, ಕಿಟಕಿಯ ಪಕ್ಕ ಇಳಿಸಿದರು. ಅಲ್ಲಿದ್ದ ಕುರ್ಚಿಯನ್ನು ಜವಾನ ಒಯ್ದ. ಹೆಂಡತಿಯೂ ಅಕ್ಕಪಕ್ಕದವರೂ ಟೀ ಕುಡಿದು ಬರುತ್ತೇವೆ ಅಂತ ಹೋದರು. ಸಹೋದ್ಯೋಗಿಗಳೆಲ್ಲ ಊಟಕ್ಕೆ ಹೋಗಿದ್ದರು, ಕೋಣೆ ಖಾಲಿ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರೆ. ಗುಮಾಸ್ತನಿಗೆ ಹಾಗೇ ಅನಿಸಿತು. ಊರೂ ಉಳಿಯಿತು, ದೋಣಿಯೂ ಉಳಿಯಿತು, ಕಿಟಕಿಯಾಚೆ ಕೆರೆ ಬಿಸಿಲಿಗೆ ಮಿರುಗುತ್ತಿತ್ತು. ಇದು ಹೇಗಾಯಿತು ಅಂತ ಅವನಿಗೆ ಅರ್ಥವಾಗಿರಲಿಲ್ಲ, ಅರ್ಥವಾಗಬೇಕು ಅಂತಲೂ ಇರಲಿಲ್ಲ. ಭಾನುವಾರಕ್ಕೆ ಎರಡೇ ದಿನ. ಸುಮ್ಮನೆ ನಗುತ್ತ ಕೂತಿದ್ದಾಗ ಫ್ಯಾನಿನ ಗಾಳಿಗೆ ಮೇಜಿನ ಮೇಲಿದ್ದ ಆದೇಶ ಹಾರಿತು. ಹಾರಿ ಕಿಟಕಿಯ ಕಡೆಗೆ ಹೋಯಿತು. ಅಯ್ಯೋ ಅಂತ ಅವನು ಥಟ್ಟನೆ ಎದ್ದು ಹಿಡಿದ.

ಹಿಡಿದ ಮೇಲೆ ಗೊತ್ತಾಯಿತು, ಎದ್ದು ನಿಂತಿದ್ದಾನೆ.

ಬೆಳಗಿನ ಮೂರು ತಟ್ಟೆ ಕರಗಿ ಎಷ್ಟೋ ಹೊತ್ತಾಗಿತ್ತು, ಮಧ್ಯಾಹ್ನದ ಊಟ ಬಿದ್ದಿರಲಿಲ್ಲ. ಬಳೆ ಮೊಣಕಾಲಿನ ಸುತ್ತ ಸಡಿಲವಾಗಿತ್ತು. ಬದುಕಿದೆಯಾ ಬಡಜೀವವೇ ಅಂದುಕೊಂಡು ಗುಮಾಸ್ತ ಕೈಯಲ್ಲಿದ್ದ ಆದೇಶವನ್ನು ಆಗ ಮೊದಲ ಸಲ ಪೂರ್ತಿ ಓದಿದ. ಕೊನೆಯ ಸಾಲಿನಲ್ಲಿ ಹೀಗಿತ್ತು: ಸದರಿ ನೌಕರನು ಕಚೇರಿ ವೇಳೆಯಲ್ಲಿ ಸದರಿ ಆಸನವನ್ನು ಬಿಟ್ಟು ಬೇರೆ ಆಸನದಲ್ಲಿ ಕುಳಿತಿದ್ದು, ಅಥವಾ ತಾನಾಗಿಯೇ ಎದ್ದು ನಿಂತಿದ್ದು ಕಂಡುಬಂದಲ್ಲಿ ಈ ಆದೇಶವು ರದ್ದಾಗಿ, ಅವನು ಆ ಕ್ಷಣವೇ ಕಲ್ಲುಗಣಿ ಶಾಖೆಗೆ ಹೊರಡತಕ್ಕದ್ದು.

ಪಡಸಾಲೆಯಲ್ಲಿ ಹೆಜ್ಜೆ ಸದ್ದು ಕೇಳಿಸಿತು. ಗುಮಾಸ್ತ ಕುಸಿದು ಕೂತ. ಈ ಸಲ ಉಸಿರು ಎಳೆದುಕೊಳ್ಳಬೇಕಾಗಲಿಲ್ಲ.

ಬಂದವನು ಕಚೇರಿಯ ಬಡಗಿ. ಕಿವಿಯ ಮೇಲೆ ಪೆನ್ಸಿಲ್ಲು, ಕೈಯಲ್ಲಿ ಡ್ರಿಲ್ಲಿಂಗ್ ಮೆಷಿನ್ನು. ಸಾಹೇಬರು ಕಳಿಸಿದ್ದಾರೆ ಅಂದ. ಇದು ತಳ ಚೂಪಾಗಿದ್ದು ಹೊರಳಾಡುತ್ತದಂತೆ, ಠಸ್ಸೆ ಒತ್ತುವಾಗ ಅಲುಗಾಡಿದರೆ ದಾಖಲೆಗಳ ಮೇಲೆ ಗುರುತು ವಾರೆಯಾಗುತ್ತದಂತೆ, ನೆಲಕ್ಕೆ ನಾಲ್ಕು ಸ್ಕ್ರೂ ಹಾಕಿ ಭದ್ರ ಮಾಡಬೇಕಂತೆ. ಅವನು ಆಗಲೇ ಮಂಡಿಯೂರಿ ಕೂತು, ವಾರ್ನಿಷ್ ಹೊಳೆಯುವ ಬಟ್ಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕತೊಡಗಿದ. ಹೊಲಿಗೆ ತುಂಬಾ ಚೆನ್ನಾಗಿದೆ, ಯಾರು ಹಾಕಿದ್ದು ಅಂತಲೂ ಕೇಳಿದ.

ಗುಮಾಸ್ತ ಏಳಬೇಕು ಅಂದುಕೊಂಡ. ಎದ್ದರೆ ಕಲ್ಲುಗಣಿ. ಕೂತಿದ್ದರೆ ಸ್ಕ್ರೂ. ತಡೆ ಅಂತ ಕೂಗಿದರೆ ಏಕೆ ಅಂತ ಕೇಳುತ್ತಾರೆ, ಭಾನುವಾರ ಇದನ್ನು ತೇಲಿಸಬೇಕು ಅಂದರೆ, ನೀವು ಇದರಿಂದ ಹೊರಗೆ ಬಂದಿರಾ, ಯಾವಾಗ ಅಂತ ಕೇಳುತ್ತಾರೆ. ಬೆಳಗ್ಗೆ ಗರಗಸದ ಮುಂದೆ ಬಳೆಯನ್ನು ತಬ್ಬಿಕೊಂಡಿದ್ದ ಕೈಗಳು ಈಗ ಮೇಜಿನ ಮೇಲೆ ಸುಮ್ಮನಿದ್ದವು.

"ತೂತು ಮಾಡಿದರೆ ನೀರು ಒಳಗೆ ಬರುತ್ತಪ್ಪ," ಅಂದ, ಅಳು ಬರುವ ಹಾಗಾಗಿತ್ತು.

ಬಡಗಿ ತಲೆಯೆತ್ತಿ ಕೋಣೆಯನ್ನೆಲ್ಲ ಒಮ್ಮೆ ನೋಡಿದ. "ಇಲ್ಲಿ ನೀರು ಎಲ್ಲಿಂದ ಬರುತ್ತೆ ಸಾರ್?"

ಮೆಷಿನ್ನು ಗುರ್ರೆಂದಿತು. ಎಡಗಡೆ ಎರಡು, ಬಲಗಡೆ ಎರಡು. ಕಿಟಕಿಯಾಚೆ ಕೆರೆಯ ಮೇಲೆ ತಣ್ಣಗೆ ಗಾಳಿ ಬೀಸುತ್ತಿತ್ತು, ಅಲ್ಲೊಂದು ದೋಣಿಯೂ ಇರಲಿಲ್ಲ. ಬಡಗಿ ಕೊನೆಯ ಸ್ಕ್ರೂ ಬಿಗಿದು ಎದ್ದು, ಹಿಂದೆ ಸರಿದು ನಿಂತ.

"ಈಗ ಒಂದ್ಸಲ ಅಲ್ಲಾಡಿ ನೋಡಿ ಸಾರ್."

ಗುಮಾಸ್ತ ಅಲ್ಲಾಡಿದ. ದೋಣಿ ಅಲುಗಲಿಲ್ಲ.